ಎಡಚ ಕೊಲೆಗಾರನ ಈಸ್ಟರ್

ಮಾರ್ಚ್ 24, ಗರಿಗಳ ಭಾನುವಾರ

ಇವತ್ತು ಸಂಜೆ ಎಂಟು ಗಂಟೆ ಏಳು ನಿಮಿಷಕ್ಕೆ ಇಡೀ ನಾರ್ವೆಯ ಕಣ್ಣೆದುರು ನಾನೊಂದು ಕೊಲೆ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಚರ್ಚಿನ ಗಾಯನ ತಂಡದ ಮೇಷ್ಟ್ರ ತಲೆಗೆ ಅವರದೇ ಕಬ್ಬಿಣದ ಸ್ಟ್ಯಾಂಡಿನಿಂದ ಒಂದೇ ಏಟು, ಹಾಡಿನ ಹಾಳೆ ಇನ್ನೂ ಅದರ ಮೇಲೇ ಇತ್ತು. ಕಾರಣವೂ ಘನವಾದದ್ದು. 'ನೀನು ಹಾಡಬೇಡ, ಸುಮ್ಮನೆ ಬಾಯಿ ಆಡಿಸು' ಎಂದು ಹನ್ನೊಂದು ವರ್ಷ ಹೇಳಿದ್ದರು. ಯಾವ ನ್ಯಾಯಾಧೀಶನಾದರೂ ಬಿಟ್ಟುಬಿಡಬೇಕು.

ಹೋದ ಶರತ್ಕಾಲದಲ್ಲಿ ಟಿವಿಯವರು ನಮ್ಮೂರ ದಡಕ್ಕೆ ಬಂದಾಗ ನನ್ನನ್ನು ಕರೆದದ್ದು ಒಂದು ಸುಳ್ಳು ಮೆಟ್ಟಿಲು ಕಟ್ಟಿಕೊಡಲು. ಎಪ್ಪತ್ತೇಳು ವರ್ಷದ ಬಡಗಿ, ನಿವೃತ್ತ. ನಿರ್ದೇಶಕಿ ಸುನ್ನಿವಾ ಮೆಟ್ಟಿಲನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು. 'ಇದು ಯಾರೂ ನಂಬಬಾರದ ಮುಖ' ಎಂದಳು. ಬಡಗಿ ಹಾಗೆ ಕಲೆಗಾರನಾದ, ಕಲೆಗಾರ ಕೊಲೆಗಾರನಾದ. ಒಂದು ಒತ್ವದ ವ್ಯತ್ಯಾಸ, ಅಷ್ಟೆ.

ಈಸ್ಟರ್ ರಜೆಗೆ ಟಿವಿಯಲ್ಲಿ ಕೊಲೆಯ ಧಾರಾವಾಹಿ ನೋಡುವುದು ನಮ್ಮ ದೇಶದ ವಾಡಿಕೆ. ಬೇರೆ ಈಸ್ಟರ್ ಕೊಲೆಗಳಲ್ಲಿ ಜನ ಕಿತ್ತಳೆ ಸುಲಿಯುತ್ತಾ ಕೊಲೆಗಾರ ಯಾರೆಂದು ಕೊನೆಯವರೆಗೂ ಕಿತ್ತಾಡುತ್ತಾರೆ. ಇದರಲ್ಲಿ ಏಳನೇ ನಿಮಿಷಕ್ಕೇ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದೇ: ಇವನು ಸಿಕ್ಕಿಬೀಳುವುದು ಹೇಗೆ? ಅದು ಬಯಲಾಗುವುದು ಐದನೇ ಕಂತಿನಲ್ಲಿ, ಈಸ್ಟರ್ ಸೋಮವಾರ. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ ಎಂದು ಕಾಗದಕ್ಕೆ ರುಜು ಹಾಕಿದ್ದೇನೆ, ಸುನ್ನಿವಾಳ ಕೈಮುಟ್ಟಿ ಮಾತನ್ನೂ ಕೊಟ್ಟಿದ್ದೇನೆ. ಇಲ್ಲಿ ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ. ಬರೆಯುತ್ತೇನೆ.

ಕಂದು ಚೀಸು.

ಕೊಂದಾದ ಮೇಲೆ ನಾನು ಮೇಷ್ಟ್ರ ಮೇಜಿನ ಮೇಲಿದ್ದ ಚೀಸಿನ ಗಟ್ಟಿಯಿಂದ ಎರಡು ಬಿಲ್ಲೆ ಹೆರೆದು ತಿಂದೆ. ಅದು ಬರೆದಿದ್ದರಲ್ಲಿ ಇರಲಿಲ್ಲ, ನನಗೆ ನಿಜವಾಗಿ ಹಸಿವಾಗಿತ್ತು. ಚೀಸು ಹೆರೆಯುವುದೂ ಮರಕ್ಕೆ ಹತ್ತರಿ ಹೊಡೆಯುವುದೂ ಒಂದೇ ವಿದ್ಯೆ, ಕೈಯ ಭಾರ ಯಾವ ಕಡೆಯೋ ಗಟ್ಟಿ ಸವೆದು ಇಳಿಜಾರಾಗುವುದು ಆ ಕಡೆ. ಊರೆಲ್ಲ ಬಲಗೈ ಇಳಿಜಾರು. ನಾನು ಎಡಚ. ಸುನ್ನಿವಾ 'ನಿಲ್ಲಿಸಿ' ಎಂದು ಕೂಗಿ, ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮೊದಲು ಬರೆದಿದ್ದ ಕೊನೆಯನ್ನು ಹರಿದು ಹಾಕಿದಳು. ಹೊಸ ಕೊನೆಯಲ್ಲಿ ಪೊಲೀಸಮ್ಮ ನನಗೊಂದು ವಾಫಲ್ ಕೊಟ್ಟು 'ಚೀಸು ಹೆರೆದುಕೊಳ್ಳಿ' ಅನ್ನುತ್ತಾಳೆ. ನಾನು ಹೆರೆದುಕೊಳ್ಳುತ್ತೇನೆ. ಕಥೆ ಮುಗಿಯುತ್ತದೆ.

ತಮಾಷೆ ಏನೆಂದರೆ ಎರಡು ಬಿಲ್ಲೆ ಹೆರೆದದ್ದನ್ನು ಇವತ್ತು ಊರಿಗೆ ಊರೇ ನೋಡಿದೆ. ಒಬ್ಬರ ಕಣ್ಣಿಗೂ ಬಿದ್ದಿಲ್ಲ. ಎಪ್ಪತ್ತೇಳು ವರ್ಷದಿಂದ ನನ್ನ ಎಡಗೈ ನೋಡಿದವರಿಗೆ ಅದೇ ಬಲಗೈಯಾಗಿಬಿಟ್ಟಿದೆ.

ನೋಡಿದ್ದು ಓಡ್‌ಮುಂಡನ ಮನೆಯಲ್ಲಿ. ನನ್ನ ಪಕ್ಕದ ಮನೆ, ನನ್ನದೇ ವಯಸ್ಸು, ಫೆರ್ರಿಯಲ್ಲಿ ನಲವತ್ತೆರಡು ವರ್ಷ ಕೆಲಸ ಮಾಡಿದವನು.

'ಹೊಡೆಯುವಾಗ ನಿನ್ನ ಮುಖ ಎಷ್ಟು ನಿಜವಾಗಿತ್ತೋ' ಎಂದ.

'ಅದಕ್ಕೆ ನಟನೆ ಅಂತಾರೆ.'

'ನಟನೆ ನಿನ್ನ ತಲೆ. ಎಂಬತ್ತೆರಡರಲ್ಲಿ ನಿನ್ನ ದೋಣಿ ಕೇಳದೆ ತಗೊಂಡಿದ್ದೆನಲ್ಲ, ಆವತ್ತೂ ಇದೇ ಮುಖ.'

ಕಾಫಿ ತರಲು ಎದ್ದವನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದುಕೊಂಡ. ಅವನ ಎದೆಯ ಕವಾಟ ಸರಿಯಾಗಿ ಮುಚ್ಚುತ್ತಿಲ್ಲವಂತೆ. ಕಪಾಟಿನ ಬಾಗಿಲಾಗಿದ್ದರೆ ತಿರುಗಣಿಗೆ ನಾನೇ ಎಣ್ಣೆ ಬಿಡುತ್ತಿದ್ದೆ.

ಮಾರ್ಚ್ 25

ಸ್ವರ್ಗ. ಅಂಗಡಿಯ ಯೋರುನ್ ನನಗೆ ಹಗ್ಗ ಮಾರಲಿಲ್ಲ.

'ಏನಕ್ಕೆ?' ಎಂದು ಕೇಳಿದಳು, ಕಣ್ಣು ಸಣ್ಣ ಮಾಡಿ.

'ದೋಣಿ ಕಟ್ಟೋಕೆ.'

'ನಿನ್ನೆ ಮೇಷ್ಟ್ರ ಮನೆಗೆ ಹೋಗುವಾಗಲೂ ಹಾಡು ಕಲಿಯೋಕೆ ಅಂದಿದ್ದೆ. ಹೇಳು, ಹೇಗೆ ಸಿಕ್ಕಿಬೀಳ್ತೀಯ?'

'ಯಾರಿಗೂ ಹೇಳಬಾರದು.'

'ನಾನು ಯಾರಿಗೆ ಹೇಳ್ತೀನಿ?'

ಯೋರುನ್ ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಹೇಳುತ್ತಾಳೆ. ಅವಳ ಕಿವಿಗೆ ಬಗ್ಗಿ ಪಿಸುಗುಟ್ಟಿದೆ: 'ನನಗೊಬ್ಬ ಅವಳಿ ತಮ್ಮ ಇದ್ದಾನೆ.' ಅವಳು ಎದೆ ಹಿಡಿದುಕೊಂಡು ಹಗ್ಗ ಕೊಟ್ಟಳು.

ಬೇಕರಿಯವನಿಗೆ, ಸತ್ತ ಮೇಷ್ಟ್ರ ಗಿಳಿ ನನ್ನ ಹೆಸರು ಕೂಗುತ್ತದೆ ಎಂದೆ. ಪಾದ್ರಿಗೆ, ನಾನೇ ಪಶ್ಚಾತ್ತಾಪದಿಂದ ಅವರ ಚರ್ಚಿನಲ್ಲೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಪಾಪ, ಕಣ್ಣು ಒದ್ದೆ ಮಾಡಿಕೊಂಡರು. ಅಂಚೆಯವನಿಗೆ, ಹಾಡಿನ ಹಾಳೆಗೆ ಅಂಟಿದ ಅಂಚೆಚೀಟಿ ನನ್ನನ್ನು ಹಿಡಿಸುತ್ತದೆ ಎಂದೆ. ಯಾರಿಗೆ ಯಾವುದು ಹೇಳಿದೆ ಎಂದು ಮರೆಯದಿರಲು ಪಟ್ಟಿ ಇಟ್ಟಿದ್ದೇನೆ. ನಿಜಕ್ಕೆ ಪಟ್ಟಿ ಬೇಕಿಲ್ಲ, ಸುಳ್ಳು ಮಾತ್ರ ಸಂಸಾರಸ್ಥ, ಅದಕ್ಕೆ ಎಲ್ಲ ಮಕ್ಕಳ ಹೆಸರೂ ನೆನಪಿರಬೇಕು.

ಓಡ್‌ಮುಂಡ್ ಒಬ್ಬನೇ ಕೇಳಲಿಲ್ಲ. 'ನೀನು ಹೇಳಿದರೂ ನಂಬೋಲ್ಲ, ಗಂಟಲು ನೋಯಿಸಿಕೋಬೇಡ' ಎಂದ.

ಅರವತ್ತೇಳರಿಂದ ಅವನು ನನ್ನ ಒಂದೇ ಒಂದು ಮಾತು ನಂಬಿಲ್ಲ. ಆ ವರ್ಷ ಸ್ವೀಡನ್ನಿನವರು ವಾಹನವೆಲ್ಲ ಎಡಕ್ಕಿದ್ದದ್ದನ್ನು ಬಲಕ್ಕೆ ಬದಲಿಸಿದರು. ನಾನು, ನಮ್ಮ ಫೆರ್ರಿಗಳೂ ನಾಳೆಯಿಂದ ಕಡಲಿನ ಇನ್ನೊಂದು ಬದಿ ಹಿಡಿಯಬೇಕಂತೆ ಎಂದೆ. ಫೆರ್ರಿ ಕೆಲಸಕ್ಕೆ ಸೇರಿ ಎರಡು ವಾರವಾಗಿದ್ದ ಓಡ್‌ಮುಂಡ್ ನೇರ ಹೋಗಿ ಕ್ಯಾಪ್ಟನ್ನಿಗೆ ಸೂಚನೆ ಕೊಟ್ಟ. ಆಮೇಲೆ ಎಂಬತ್ತನಾಲ್ಕರಲ್ಲಿ ದಡದಲ್ಲಿ ದೋಣಿ ಇಡುವ ಅವನ ದೋಣಿಮನೆಗೆ ಬೆಂಕಿ ಬಿದ್ದಾಗ ಓಡಿಹೋಗಿ ಹೇಳಿದವನು ನಾನೇ. 'ಹೂಂ ಹೂಂ' ಎಂದು ಇಸ್ಪೀಟಿನ ಎಲೆ ಹಾಕಿದ. ಅರ್ಧ ದೋಣಿಮನೆ ಸುಟ್ಟಿತು. ಗೋಡೆ ಅವನೇ ಕಟ್ಟಿಕೊಂಡ. ಬಾಗಿಲು ಇವತ್ತಿಗೂ ಒಂದೇ ತಿರುಗಣಿಯ ಮೇಲೆ ನೇತಾಡುತ್ತಿದೆ. 'ನಾನು ಮಾಡಿಕೊಡ್ತೀನಿ' ಎಂದು ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ. 'ನೀನು ಮಾಡಿದ ಬಾಗಿಲು ತೆಗೆದರೆ ತಲೆ ಮೇಲೆ ನೀರಿನ ಬಕೆಟ್ ಬೀಳುತ್ತೆ' ಅನ್ನುತ್ತಾನೆ.

ಬೀಳುತ್ತಿತ್ತು, ಸುಳ್ಳೇಕೆ ಹೇಳಲಿ.

ಮಾರ್ಚ್ 27, ಬುಧವಾರ

ಎರಡನೇ ಕಂತು. ಪೊಲೀಸಮ್ಮ ನನ್ನ ಎರಡು ಕೈಗೂ ಉಣ್ಣೆ ದಾರ ಸುತ್ತಿ, ಉಂಡೆ ಮಾಡುತ್ತಾ ಪ್ರಶ್ನೆ ಕೇಳಿದಳು. ಓಡ್‌ಮುಂಡ್ ಕುರ್ಚಿಯ ತುದಿಗೆ ಬಂದು ಕೂತ.

'ಸಿಕ್ಕಿತು!' ಎಂದ. 'ನೀನು ಅವಳಿಗೆ ಏನಂದೆ? ಗುರುವಾರ ಸಂಜೆ ನಾಲ್ಕು ನಲವತ್ತರ ಫೆರ್ರಿಯಲ್ಲಿ ಬಂದೆ ಅಂದೆ. ಯಾವ ಗುರುವಾರ? ಈಸ್ಟರಿನ ಗುರುವಾರ! ಅವತ್ತು ರಜೆ, ಭಾನುವಾರದ ವೇಳಾಪಟ್ಟಿ ಕಣೋ! ನಾಲ್ಕು ನಲವತ್ತಕ್ಕೆ ಫೆರ್ರಿಯೇ ಇಲ್ಲ! ಇದೇ ನಿನ್ನ ಕುತ್ತಿಗೆಗೆ ಬರೋದು.'

ಬೆರಗಾದೆ. ಅದು ನಮ್ಮ ಯಾರಿಗೂ ಹೊಳೆದಿರಲಿಲ್ಲ. ಸುನ್ನಿವಾಗೂ ಕೂಡ. ಬರೀ ತಪ್ಪು ಅದು. ನಾನು ಮುಖ ಬಿಗಿ ಮಾಡಿಕೊಂಡು ಕೂತೆ, ಅವನು ಅದನ್ನೇ ಸಾಕ್ಷಿ ಎಂದುಕೊಂಡು ತೊಡೆ ತಟ್ಟಿದ. ತಟ್ಟಿದ್ದಕ್ಕೇ ಏದುಸಿರು ಹತ್ತಿತು.

ಆಗಲೇ ಫೋನ್ ಬಂದದ್ದು. ಅವನ ಹೆಂಡತಿ ಬೋರ್ಗಿಲ್ಡ್ ಎತ್ತಿಕೊಂಡಳು. ದೊಡ್ಡಾಸ್ಪತ್ರೆಯಿಂದ. ಪರೀಕ್ಷೆಯ ವರದಿ ನೋಡಿದರಂತೆ, ಹಬ್ಬ ಕಳೆಯಲಿ ಎಂದು ಕಾಯುವಂತಿಲ್ಲವಂತೆ. ಶುಕ್ರವಾರ ಆಂಬುಲೆನ್ಸ್ ದೋಣಿ ಬರುತ್ತದೆ, ಶನಿವಾರ ಬೆಳಿಗ್ಗೆ ಎದೆ ಕೊಯ್ದು ಆಪರೇಷನ್ ಮಾಡುತ್ತಾರೆ.

'ಆಗೋಲ್ಲ ಅಂತ ಹೇಳು' ಎಂದ ಓಡ್‌ಮುಂಡ್. 'ಸೋಮವಾರ ಕೊನೇ ಕಂತು.'

ಬೋರ್ಗಿಲ್ಡ್ ಫೋನಿನ ಬಾಯಿ ಮುಚ್ಚಿದಳು. 'ಏನಂದೆ?'

'ಐದರಲ್ಲಿ ಎರಡು ನೋಡಿ ಯಾರಾದರೂ ಸಾಯ್ತಾರಾ? ಮಂಗಳವಾರ ಕತ್ತರಿಸಲಿ.'

'ಮಂಗಳವಾರದವರೆಗೆ ನೀನಿರಬೇಕಲ್ಲ!'

'ಇರದಿದ್ದರೆ ಕತ್ತರಿಸೋ ಖರ್ಚೇ ಇಲ್ಲ.'

ನಾನು ಜೋರಾಗಿ ನಕ್ಕೆ. ಬೋರ್ಗಿಲ್ಡ್ ನನ್ನ ಕಡೆ ನೋಡಿದಳು. ಆಮೇಲೆ ನಗಲಿಲ್ಲ.

ಮಾರ್ಚ್ 28, ಪವಿತ್ರ ಗುರುವಾರ

ಬೆಳಿಗ್ಗೆ ಬೋರ್ಗಿಲ್ಡ್ ಬಂದಳು. ಶೂ ಬಿಚ್ಚದೆ ಒಳಗೆ ಬಂದಳು, ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

'ಮೊನ್ಸ್, ಕೊನೆ ಏನು ಅಂತ ಅವನಿಗೆ ಹೇಳಿಬಿಡು.'

'ಮಾತು ಕೊಟ್ಟಿದ್ದೀನಿ, ಮಾರಾಯ್ತಿ.'

'ನಿನ್ನ ಮಾತಾ!' ಎಂದಳು. ಆಮೇಲೆ ಕೂತಳು. 'ಅವನಿಗೆ ಬೇಕಾಗಿರೋದು ಕಂತಲ್ಲ. ಅವನಿಗೆ ಹೆದರಿಕೆ. ಹೆದರಿಕೆಗೆ ಟಿವಿ ಹೊದಿಸಿಕೊಂಡು ಕೂತಿದ್ದಾನೆ. ನೀನು ಕೊನೆ ಹೇಳಿದರೆ ಹೊದಿಕೆ ಜಾರುತ್ತೆ, ಅಷ್ಟೇ. ಆಮೇಲೆ ಉಳಿದದ್ದು ನಾನು ನೋಡ್ಕೋತೀನಿ.'

'ನಾನು ಹೇಳಿದರೆ ನಂಬೋಲ್ಲ ಅವನು.'

'ಅದು ಯಾರ ತಪ್ಪು?'

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವೊಂದಿತ್ತು, ಈಗ ನೆನಪಾಗುತ್ತಿಲ್ಲ.

ಅವಳು ಹೋದ ಮೇಲೆ ಸುನ್ನಿವಾಗೆ ಫೋನ್ ಮಾಡಿದೆ. ಗೆಳೆಯನೊಬ್ಬ ಎದೆಯ ಕಾಯಿಲೆಯವನು, ಕೊನೆ ಗೊತ್ತಾಗದೆ ಆಸ್ಪತ್ರೆಗೆ ಹೋಗಲೊಲ್ಲ, ಅವನೊಬ್ಬನಿಗೆ ಹೇಳಬಹುದಾ ಎಂದೆ.

ಅವಳು ನಕ್ಕಳು. 'ಮೊನ್ಸ್, ಚಿತ್ರೀಕರಣದಲ್ಲಿ ನೀವು ನನ್ನ ರಬ್ಬರ್ ಬೂಟಿನೊಳಗೆ ಮೀನಿಟ್ಟಿರಿ. ಹೆಣದ ವೇಷದವರಿಗೆ ಸೀನುಪುಡಿ ಹಾಕಿದಿರಿ. ಈಗ ಸಾಯ್ತಿರೋ ಗೆಳೆಯ! ಚೆನ್ನಾಗಿದೆ, ಆದರೆ ಇಲ್ಲ.'

'ನಿಜ ಕಣಮ್ಮಾ.'

'ಮೀನಿನ ದಿನವೂ ಹೀಗೇ ಅಂದಿರಿ.'

ಮೂರನೇ ಕಂತು ನನ್ನ ಮನೆಯಲ್ಲೇ ನೋಡಿದೆ. ನನ್ನ ನಟನೆ ಅಷ್ಟೇನೂ ಚೆನ್ನಾಗಿಲ್ಲ.

ಮಾರ್ಚ್ 29, ಶುಭ ಶುಕ್ರವಾರ

ಅಂಗಡಿ ಮುಚ್ಚಿದೆ. ನನ್ನ ಮನೆಯ ಹೊಸ ಚೀಸಿನ ಗಟ್ಟಿ, ಹೆರೆಯುವ ಸಲಕರಣೆ, ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹನ್ನೊಂದಕ್ಕೆ ಅವರ ಮನೆಗೆ ಹೋದೆ. ದೋಣಿ ಎರಡಕ್ಕೆ ಬರುವುದಿತ್ತು. ಬೋರ್ಗಿಲ್ಡ್ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಓಡ್‌ಮುಂಡ್ ಅದನ್ನು ಬಿಚ್ಚಿ ಪೈಜಾಮ ಮತ್ತೆ ಬೀರುವಿಗೆ ಇಟ್ಟಿದ್ದ. ಹೀಗೆ ಬೆಳಿಗ್ಗೆಯಿಂದ ಮೂರು ಸಲ ಆಗಿದೆಯಂತೆ. ಮೂರನೇ ಸಲ ಮೆಟ್ಟಿಲು ಹತ್ತಲಾಗದೆ ಪೈಜಾಮವನ್ನು ಒಲೆಯ ಹಿಂದೆ ಬಚ್ಚಿಟ್ಟಿದ್ದ.

'ಕೂತ್ಕೋ' ಎಂದೆ. 'ಕೊನೆ ಹೇಳ್ತೀನಿ.'

'ಕೂತೇ ಇದ್ದೀನಿ. ಬೇಡ. ಕೊನೆ ನನಗೆ ಗೊತ್ತು, ವೇಳಾಪಟ್ಟಿ.'

'ವೇಳಾಪಟ್ಟಿ ಅಲ್ಲ. ಚೀಸು.'

ಅವನು ಬೋರ್ಗಿಲ್ಡಳ ಕಡೆ ನೋಡಿದ. 'ಇವನಿಗೆ ಜ್ವರ ಇದೆಯಾ ನೋಡು.'

ಗಟ್ಟಿಯನ್ನು ಮೇಜಿನ ಮೇಲಿಟ್ಟೆ. ಹೇಳಿದೆ. ಎಲ್ಲ ಹೇಳಿದೆ, ಹಸಿವಾದದ್ದು, ಎರಡು ಬಿಲ್ಲೆ ತಿಂದದ್ದು, ಸುನ್ನಿವಾ ಹಾಳೆ ಹರಿದದ್ದು, ವಾಫಲ್. ಕಾಗದಕ್ಕೆ ರುಜು ಹಾಕಿದ್ದು, ಕೈಮುಟ್ಟಿ ಮಾತು ಕೊಟ್ಟದ್ದು, ಈಗ ಮುರಿಯುತ್ತಿರುವುದು. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ಇದಕ್ಕಿಂತ ಅವಳಿ ತಮ್ಮನೇ ಎಷ್ಟೋ ಮೇಲು. ನಿಜ ಎಷ್ಟು ಬಡಕಲು! ಸುಳ್ಳಿಗಾದರೆ ನಾನು ಒಳ್ಳೆ ಮೈಕಟ್ಟು ಕೊಡುತ್ತಿದ್ದೆ.

'ನೋಡು ಬೇಕಾದರೆ' ಎಂದು ಎಡಗೈಯಲ್ಲಿ ಹೆರೆದೆ. ಚೀಸು ತಣ್ಣಗೆ ಗಟ್ಟಿಯಾಗಿತ್ತು, ಅದಕ್ಕೇ ಇರಬೇಕು, ಬಿಲ್ಲೆ ಅರ್ಧಕ್ಕೇ ಹರಿಯಿತು. ಇನ್ನೊಂದು ಹೆರೆದೆ. ಅದೂ ಹರಿಯಿತು. ಮೂರನೆಯದು ಅಲೆ ಅಲೆಯಾಗಿ ಬಂತು. ಅರವತ್ತು ವರ್ಷ ಮರ ಹೆರೆದ ಕೈ. ಚೀಸಿನ ಕಂಪನಿಗೆ ಪತ್ರ ಬರೆಯಬೇಕು.

ಓಡ್‌ಮುಂಡ್ ಹರಿದ ಬಿಲ್ಲೆಗಳನ್ನು ನೋಡಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಪೊಲೀಸಮ್ಮನ ಹಾಗೆಯೇ. ಆಮೇಲೆ ನನ್ನ ಕೈ ನೋಡಿದ.

'ಲೋ ಮೊನ್ಸ' ಎಂದ. 'ಅರವತ್ತೇಳರಿಂದ ನಿನ್ನ ಸುಳ್ಳು ಕೇಳ್ತಾ ಇದ್ದೀನಿ. ಇಷ್ಟು ಕೆಟ್ಟ ಸುಳ್ಳು ಒಂದೂ ಹೇಳಿರಲಿಲ್ಲ ನೀನು. ಚೀಸಂತೆ! ಒಂದು ಗಿಳಿ ಇಲ್ಲ, ಅವಳಿ ಇಲ್ಲ. ಇದಾ ನಿನ್ನ ಕೈಚಳಕ?'

'ನಿಜ ಕಣೋ.'

'ನಿನ್ನ ಸುಳ್ಳಿಗೆ ಈ ಗತಿ ಬಂದಿದೆ ಅಂದ್ರೆ...' ಎಂದವನು ಹರಿದ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡ. ಅಗಿದ. 'ನನಗಿಂತ ಹೆಚ್ಚು ಹೆದರಿದ್ದೀಯಲ್ಲೋ ನೀನು.'

'ನಾನಾ? ನಾನ್ಯಾಕೆ ಹೆದರಲಿ?'

'ಬೋರ್ಗಿಲ್ಡ್, ಪೈಜಾಮ ಒಲೆ ಹಿಂದೆ ಇದೆ' ಎಂದ. 'ಹೋಗ್ತೀನಿ. ಅಲ್ಲೂ ಟಿವಿ ಇರುತ್ತೆ. ಸೋಮವಾರ ವೇಳಾಪಟ್ಟಿಯಿಂದ ಇವನು ಸಿಕ್ಕಿಬೀಳೋದನ್ನ ನೋಡದೆ ನಾನಂತೂ ಸಾಯೋಲ್ಲ. ಚೀಸಂತೆ!'

ನನ್ನ ಲೆಕ್ಕಾಚಾರ ತಲೆಕೆಳಗಾಗಿತ್ತು, ಆದರೂ ಪೈಜಾಮ ಚೀಲ ಸೇರಿತು. ಹೇಗೆ ಸೇರಿತೋ ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ.

ಎರಡಕ್ಕೆ ದೋಣಿ ಬಂತು. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಚಾಲಕನಿಗೆ ದಡ ಬಿಡುವುದು ಹೇಗೆಂದು ಹೇಳಿಕೊಡುತ್ತಿದ್ದ. ಕೈ ಬೀಸಲಿಲ್ಲ. ಬೀಸಿದರೆ ಏನೋ ಸಂಚಿದೆ ಎಂದುಕೊಳ್ಳುತ್ತಾನೆಂದು ನಾನೂ ಬೀಸಲಿಲ್ಲ.

ಮಾರ್ಚ್ 30

ಸುಮ್ಮನೆ ಕೂರಲು ಬೇಜಾರು. ಅವನ ದೋಣಿಮನೆಯ ಬಾಗಿಲು ಕಣ್ಣಿಗೆ ಚುಚ್ಚುತ್ತಿತ್ತು, ಕಿತ್ತು ಹಾಕಿದೆ. ನನ್ನ ಕೊಟ್ಟಿಗೆಯಲ್ಲಿ ಒಳ್ಳೆಯ ಪೈನ್ ಹಲಗೆ ಬಿದ್ದಿತ್ತು, ಯಾವುದಕ್ಕೋ ಎಂದು ಇಟ್ಟದ್ದು. ಹತ್ತರಿ ಹೊಡೆದೆ. ಮರ ಚೆನ್ನಾಗಿ ಬಂತು. ಚೀಸಿನದೇ ತಪ್ಪು.

ಮೂರು ಗಂಟೆಗೆ ಬೋರ್ಗಿಲ್ಡ್ ಫೋನ್ ಮಾಡಿದಳು. ಮುಗಿಯಿತಂತೆ. ಇನ್ನೂ ಎದ್ದಿಲ್ಲ.

ಮಾರ್ಚ್ 31, ಈಸ್ಟರ್

ಎದ್ದಿಲ್ಲ.

ಇವತ್ತು ಬೇಸಿಗೆಯ ಸಮಯಕ್ಕೆಂದು ದೇಶದ ಗಡಿಯಾರವನ್ನೆಲ್ಲ ಒಂದು ಗಂಟೆ ಮುಂದೆ ಮಾಡಿದರು. ಕಾಯುವವನಿಗೆ ಒಂದು ಗಂಟೆ ಉಳಿಯಿತು ಎಂದುಕೊಂಡೆ. ಉಳಿಯಲಿಲ್ಲ.

ಹಬ್ಬದ ದಿನ ಸುತ್ತಿಗೆ ಹೊಡೆಯುವಂತಿಲ್ಲ. ಮೊಳೆ ಬಿಟ್ಟು ಸ್ಕ್ರೂ ಹಾಕಿದೆ, ಕೈಯಲ್ಲೇ ತಿರುಗಿಸಿ. ದೇವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 1, ಈಸ್ಟರ್ ಸೋಮವಾರ

ಬೆಳಿಗ್ಗೆ ಎಂಟಕ್ಕೆ ಫೋನ್.

'ಎದ್ದ' ಎಂದಳು ಬೋರ್ಗಿಲ್ಡ್.

ಗೋಡೆಯ ಮೇಲೆ ಕ್ಯಾಲೆಂಡರ್ ಕಾಣುತ್ತಿತ್ತು.

'ಮೊನ್ಸ್? ಇದ್ದೀಯಾ?'

'ಇವತ್ತು ಏಪ್ರಿಲ್ ಒಂದು.'

'ಅಯ್ಯೋ ನಿನ್ನ! ನಾನು ಅಂಥ ತಮಾಷೆ ಮಾಡ್ತೀನಾ? ಕಣ್ಣು ಬಿಟ್ಟವನೇ ರಿಮೋಟ್ ಎಲ್ಲಿ ಅಂದ.'

ಆಗ ನಂಬಿದೆ. ಅಷ್ಟು ಕರಾರುವಾಕ್ಕಾದ ಸುಳ್ಳನ್ನು ನಾನೂ ಕಟ್ಟಲಾರೆ. ಕಾಫಿ ಮಾಡಿಕೊಂಡೆ. ಪುಡಿ ಹಾಕುವುದು ಮರೆತು ಬಿಸಿನೀರು ಕುಡಿದೆ, ಚೆನ್ನಾಗಿಯೇ ಇತ್ತು.

ಸಂಜೆ ಊರವರೆಲ್ಲ ಸಮುದಾಯ ಭವನದಲ್ಲಿ ಸೇರಿದರು. ದೊಡ್ಡ ಪರದೆ, ವಾಫಲ್, ಕಾಫಿ. ಎಲ್ಲರ ಮುಖದಲ್ಲೂ ಗುಟ್ಟು ಬಲ್ಲವರ ನಗು. ಯೋರುನ್ ಪ್ರತಿ ದೃಶ್ಯಕ್ಕೂ 'ಈಗ ಬರ್ತಾನೆ ನೋಡು ಅವಳಿ' ಎಂದು ಪಕ್ಕದವರ ಪಕ್ಕೆಗೆ ತಿವಿಯುತ್ತಿದ್ದಳು. ಬೇಕರಿಯವನು ಗಿಳಿಗಾಗಿ ಕಿವಿ ನೆಟ್ಟಿದ್ದ. ಪಾದ್ರಿ ಕರವಸ್ತ್ರ ತೆಗೆದಿಟ್ಟುಕೊಂಡಿದ್ದರು.

ಪೊಲೀಸಮ್ಮ ವಾಫಲ್ ಕೊಟ್ಟಳು. ಪರದೆಯ ಮೇಲಿನ ನಾನು ಹೆರೆದೆ. ಅವಳು ಗಟ್ಟಿಯನ್ನು ತಿರುಗಿಸಿ, ಮೇಷ್ಟ್ರ ಮನೆಯ ಗಟ್ಟಿಯನ್ನು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಕಡೆ ಇಳಿಜಾರು.

ಭವನದಲ್ಲಿದ್ದವರೆಲ್ಲ ಒಟ್ಟಿಗೆ ವಾಫಲ್ ಮೇಜಿನ ಕಡೆ ತಿರುಗಿದರು. ಅಲ್ಲಿಯ ಗಟ್ಟಿ ಬಲಕ್ಕೆ ಇಳಿದಿತ್ತು, ತುದಿಯಲ್ಲಿ ಮಾತ್ರ ಯಾರೋ ಒಬ್ಬ ಎಡಕ್ಕೆ ತಿರುಗಿಸಿದ್ದ. ನಾನು ಬಂದ ಕೂಡಲೇ ಒಂದು ತಿಂದಿದ್ದೆ.

'ಅವಳಿ ಎಲ್ಲೋ?' ಎಂದಳು ಯೋರುನ್.

'ಅವಳಿಯಾ? ನನಗೆ ಗಿಳಿ ಅಂದಿದ್ದ!'

'ಗಿಳಿಯಾ? ಅಂಚೆಚೀಟಿ ಅಂದಿದ್ದನಲ್ಲ!'

ಪಾದ್ರಿ ಎದ್ದು ನಿಂತು, 'ಮೊನ್ಸ್, ತಪ್ಪೊಪ್ಪಿಗೆ?' ಎಂದರು, ತುಂಬಾ ಮೆಲ್ಲಗೆ. ಅದೊಂದೇ ಸ್ವಲ್ಪ ನಾಟಿತು. ಉಳಿದವರು ಕಿತ್ತಳೆ ಸಿಪ್ಪೆ ಎಸೆದರು.

ಸಿಪ್ಪೆಯ ಮಳೆಯ ನಡುವೆ ಜೇಬಿನ ಫೋನ್ ಬಡಿದುಕೊಂಡಿತು. ಹೊರಗೆ ಬಂದು ಎತ್ತಿಕೊಂಡೆ.

'ಕಳ್ಳ!' ಎಂದಿತು ದಾರದಷ್ಟು ತೆಳ್ಳಗಿನ ದನಿ. 'ನಿಜ ಹೇಳಿಬಿಟ್ಟೆಯಲ್ಲೋ! ನಿಜ ಹೇಳಿ ಮೋಸ ಮಾಡಿದೆಯಲ್ಲೋ!'

'ಹೇಳಿದ್ದೆನಲ್ಲ ನಿಜ ಅಂತ.'

'ಪ್ರತಿ ಸಲವೂ ಹಾಗೇ ಅಂತೀಯ!' ಉಸಿರು ತೆಗೆದುಕೊಂಡ, ಉದ್ದನೆಯ, ಅಡೆತಡೆಯಿಲ್ಲದ ಉಸಿರು. ಬಹಳ ದಿನದ ಮೇಲೆ ಕೇಳಿದ್ದು. 'ಇಡೀ ನಾರ್ವೆಯಲ್ಲಿ ಕೊನೆ ಗೊತ್ತಿದ್ದೂ ಬಾಯಿ ಬಿಟ್ಟುಕೊಂಡು ನೋಡಿದವನು ನಾನೊಬ್ಬನೇ. ನರ್ಸಿಗೆ ವೇಳಾಪಟ್ಟಿ ಅಂತ ಆಣೆ ಮಾಡಿದ್ದೆ. ಮರ್ಯಾದೆ ಹೋಯ್ತು. ಇನ್ನು ಮುಂದೆ ನೀನು ಹೇಳೋದ್ರಲ್ಲಿ ಯಾವುದನ್ನ ನಂಬಲಿ, ಯಾವುದನ್ನ ಬಿಡಲಿ? ಹೇಳು!'

'ವೇಳಾಪಟ್ಟಿ ನಿಜವಾಗಿ ತಪ್ಪೇ ಕಣೋ' ಎಂದೆ. 'ಯಾರೂ ಗಮನಿಸಿರಲಿಲ್ಲ. ನೀನೊಬ್ಬನೇ.'

ಆ ಕಡೆ ಮಂಚ ಕಿರುಗುಟ್ಟಿತು.

'ಇದು ನಿಜವೋ ಸುಳ್ಳೋ?' ಎಂದ, ಅನುಮಾನದಿಂದ.

ನರ್ಸ್ ಫೋನ್ ಕಿತ್ತುಕೊಂಡಳು.

ಏಪ್ರಿಲ್ 10

ನಾಲ್ಕು ನಲವತ್ತರ ಫೆರ್ರಿಯಲ್ಲಿ ಬಂದ. ವಾರದ ದಿನ, ಫೆರ್ರಿ ಇತ್ತು.

ತೆಳ್ಳಗಾಗಿದ್ದಾನೆ. ಬೋರ್ಗಿಲ್ಡಳ ತೋಳು ಹಿಡಿದು ನಡೆದ, ಆದರೆ ದಡದಿಂದ ಮೇಲಿನವರೆಗೆ ಎಲ್ಲೂ ನಿಲ್ಲಲಿಲ್ಲ. ನಾನು ಎದುರು ಹೋದೆ. ಏನಾದರೂ ಹೇಳಬೇಕಿತ್ತು. ಯೋಚಿಸಿಟ್ಟದ್ದೆಲ್ಲ ಮರೆತುಹೋಗಿ ಬಾಯಿಗೆ ಬಂದದ್ದು ಇದು:

'ನಿನ್ನ ದೋಣಿಮನೆಗೆ ಬೆಂಕಿ ಬಿದ್ದಿದೆ.'

ತಿರುಗಿ ನೋಡಿದ!

ಐವತ್ತೇಳು ವರ್ಷದಲ್ಲಿ ಮೊದಲ ಸಲ. ಕತ್ತು ಚಕ್ಕನೆ ತಿರುಗಿತು, ಬೋರ್ಗಿಲ್ಡಳ ಕೈ ಬಿಟ್ಟು ಎರಡು ಹೆಜ್ಜೆ ಇಟ್ಟೇಬಿಟ್ಟ. ನಾನು ಗೆದ್ದೆ ಎಂದು ಕುಣಿಯಬೇಕು ಅನ್ನುವಷ್ಟರಲ್ಲಿ ಅವನು ನಿಂತುಬಿಟ್ಟಿದ್ದ. ಬೆಂಕಿ ಹುಡುಕಿದ ಕಣ್ಣಿಗೆ ಬಾಗಿಲು ಬಿದ್ದಿತ್ತು.

'ಯಾರು ಮಾಡಿದ್ದು?' ಎಂದ.

'ಯಾರೋ. ನನಗೇನು ಗೊತ್ತು.'

ಹತ್ತಿರ ಹೋಗಿ ನೋಡಿದ. ಹಲಗೆಯ ಮೇಲೆ ಕೈಯಾಡಿಸಿದ. 'ನನ್ನ ಬಾಗಿಲಿಗೆ ಚಿಲಕ ಬಲಗಡೆ ಇತ್ತು. ಇದಕ್ಕೆ ಎಡಗಡೆ ಇದೆ' ಎಂದ. 'ಅಪರಾಧಿ ಎಡಚ.'

ಬೋರ್ಗಿಲ್ಡ್ ಆ ಕಡೆ ತಿರುಗಿಕೊಂಡಳು.

'ಬಕೆಟ್ ಇದೆಯಾ?' ಎಂದು ನನ್ನನ್ನು ಕೇಳಿದ.

'ಇಲ್ಲ' ಎಂದೆ.

ನನ್ನ ಮುಖ ನೋಡಿದ. ಯಾರೂ ನಂಬಬಾರದ ಮುಖ. ಚಿಲಕ ತೆಗೆದು ಬಾಗಿಲನ್ನು ಪೂರ್ತಿ ಎಳೆದ.

ಮೇಲಿನಿಂದ ಬಕೆಟ್ಟು ಇಳಿಯಿತು. ಯೋರುನ್ ಮಾರಿದ ಹಗ್ಗ ಗಟ್ಟಿ, ಅವನ ಮೂಗಿಗೆ ಒಂದು ಗೇಣು ದೂರದಲ್ಲೇ ಅದನ್ನು ತಡೆದು ನಿಲ್ಲಿಸಿತು. ಖಾಲಿ ಬಕೆಟ್ಟು ಗಾಳಿಗೆ ಮೆಲ್ಲಗೆ ತೂಗಾಡಿತು. ಅವನು ಒಳಗೆ ಬಗ್ಗಿ ನೋಡಿದ, ಕೈ ಹಾಕಿ ತಳ ಮುಟ್ಟಿದ.

'ನೀರೆಲ್ಲಿ?' ಎಂದ, ಬೇಜಾರಾದವನ ಹಾಗೆ.

'ಆರು ವಾರ ನೆನೆಯೋದು, ಚಳಿ ಹಿಡಿಸಿಕೊಳ್ಳೋದು ಕೂಡದಂತೆ.'

'ನಿನಗ್ಯಾರು ಹೇಳಿದ್ದು?'

'ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.'

ಅವನು ನಗಲು ಶುರುಮಾಡಿದ. ಹೊಲಿಗೆಯ ಮೇಲೆ ಎರಡೂ ಕೈ ಒತ್ತಿಕೊಂಡು, 'ಬೇಡ ಕಣೋ, ಬೇಡ, ನೋಯುತ್ತೆ' ಅನ್ನುತ್ತಾ ನಕ್ಕ. ಬೋರ್ಗಿಲ್ಡ್ ಇಬ್ಬರಿಗೂ ಬೈದು ಒಳಗೆ ಕರೆದುಕೊಂಡು ಹೋದಳು. ಶೂ ಬಿಚ್ಚಿಸಿದಳು.

ಕ್ಯಾಲೆಂಡರ್ ನೋಡಿದೆ. ಆಪರೇಷನ್ ಆದ ದಿನದಿಂದ ಆರು ವಾರ ಎಂದರೆ ಮೇ ಹನ್ನೊಂದು, ಶನಿವಾರ. ಬಕೆಟ್ಟನ್ನು ಇಳಿಸಿಲ್ಲ.